ಟ್ರಿನಿಡಾಡ್‌ಗೆ ಹೊರಟಿದ್ದೇವೆ, ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕಾ?

ಪ್ರಶ್ನೆ: ನಾನು ತುಮಕೂರಿನವಳು, ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು 59. ಏಳು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ, ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತೇನೆ. ನಮ್ಮ ಯಜಮಾನರಿಗೆ 64, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಮಗ ಟ್ರಿನಿಡಾಡ್ ದ್ವೀಪದ ಪಾಯಿಂಟ್ ಲೀಸಾಸ್‌ನಲ್ಲಿ ಎಂಜಿನಿಯರ್, ಮನೆ ಚಗುವಾನಾಸ್‌ನಲ್ಲಿ. ಮೊಮ್ಮಗನನ್ನು ನೋಡಲು ಜನವರಿ ಕೊನೆಗೆ ಹೋಗಿ ಎರಡು ತಿಂಗಳು ಇರಬೇಕು ಅಂದುಕೊಂಡಿದ್ದೇವೆ. ವಿಮಾನ ಲಂಡನ್ ಮೇಲಿಂದ, ಅಲ್ಲಿ ನನ್ನ ತಮ್ಮನ ಮನೆ ಇದೆ. ಹಳದಿ ಜ್ವರದ ಲಸಿಕೆ ಇಲ್ಲದಿದ್ದರೆ ವಾಪಸ್ ಬರುವಾಗ ಏರ್‌ಪೋರ್ಟಿನಲ್ಲೇ ಹಿಡಿದಿಡುತ್ತಾರೆ ಅಂತ ಟ್ರಾವೆಲ್ ಏಜೆಂಟ್ ಹೇಳುತ್ತಾರೆ. ನನ್ನ ಸಂಧಿವಾತದ ಡಾಕ್ಟರು ಆ ಲಸಿಕೆ ಹಾಕಿಸಿಕೊಳ್ಳಲೇಬೇಡಿ ಅನ್ನುತ್ತಾರೆ. ಮಲೇರಿಯಾ ಮಾತ್ರೆ ನುಂಗಬೇಕು, ಅಲ್ಲಿ ಹಾಡಹಗಲೇ ದರೋಡೆ ಅಂತ ನೆಂಟರು ಹೆದರಿಸಿದ್ದಾರೆ. ಹೋಗುವುದೇ ಬೇಡವಾ ಅನ್ನಿಸಿದೆ. ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ಹೋಗಿ ಬನ್ನಿ. ನಿಮ್ಮಿಬ್ಬರ ಕಾಯಿಲೆಯೂ ಹತೋಟಿಯಲ್ಲಿದ್ದರೆ ಈ ಪ್ರಯಾಣ ನಿಲ್ಲಿಸುವ ಕಾರಣ ನನಗೆ ಕಾಣುತ್ತಿಲ್ಲ. ಆದರೆ ಟಿಕೆಟ್ ಮಾತ್ರ ಇವತ್ತೇ ಮಾಡಿಸಬೇಡಿ. ಟಿಕೆಟ್ಟಿನ ತಾರೀಖು ಲಸಿಕೆಯ ತೀರ್ಮಾನದ ಮೇಲೆ ನಿಂತಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ಏಜೆಂಟ್ ಹೇಳಿದ್ದೂ ಸರಿ, ಡಾಕ್ಟರು ಹೇಳಿದ್ದೂ ಸರಿ. ಒಬ್ಬರು ಹೇಳಿದ್ದು ಕಾನೂನು, ಇನ್ನೊಬ್ಬರು ಹೇಳಿದ್ದು ನಿಮ್ಮ ದೇಹದ ವಿಚಾರ. ಎರಡೂ ಒಟ್ಟಿಗೆ ಕಿವಿಗೆ ಬಿದ್ದಿದ್ದರಿಂದ ಗಾಬರಿಯಾಗಿದೆ, ಅಷ್ಟೇ.

ಹಳದಿ ಜ್ವರ ಅಂದ ಕೂಡಲೇ ನಮ್ಮ ಕಡೆ ಕಾಮಾಲೆ ಅಂದುಕೊಳ್ಳುವವರು ಜಾಸ್ತಿ. ಎರಡೂ ಬೇರೆ. ಇದು ಸೊಳ್ಳೆಯಿಂದ ಹರಡುವ ವೈರಸ್. ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದು ಮೈ ಹಳದಿಯಾಗುತ್ತದೆ, ಅದಕ್ಕೇ ಆ ಹೆಸರು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಇದೆ, ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಊರೂರಿನಲ್ಲೂ ಇದೆ, ನಮ್ಮ ಜನಕ್ಕೆ ಈ ರೋಗದ ವಿರುದ್ಧ ರಕ್ಷಣೆ ಇಲ್ಲ. ಒಬ್ಬ ಸೋಂಕಿತ ಬಂದಿಳಿದರೂ ಕಷ್ಟ. ಅದಕ್ಕೇ ನಮ್ಮ ಸರ್ಕಾರ ಈ ವಿಷಯದಲ್ಲಿ ಇಷ್ಟು ಬಿಗಿ. ನನಗೆ ಈ ಬಿಗಿ ಸರಿ ಅನ್ನಿಸುತ್ತದೆ.

ಕೆರಿಬಿಯನ್ ದ್ವೀಪಗಳಲ್ಲಿ ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾದಂಥ ಕಡೆ ಹೋಗುವವರಿಗೆ ಈ ತಲೆನೋವು ಇಲ್ಲ. ಟ್ರಿನಿಡಾಡ್ ಮಾತ್ರ ಬೇರೆ. ಭೂಗೋಳದಲ್ಲಿ ಅದು ದಕ್ಷಿಣ ಅಮೆರಿಕದ ತುಂಡು. ವೆನೆಜುವೆಲಾದ ದಡ ಹತ್ತಿರದ ಜಾಗದಲ್ಲಿ ಬರೀ 11 ಕಿಲೋಮೀಟರ್ ದೂರ. ಅಲ್ಲಿನ ಕಾಡಿನಲ್ಲಿ ಊಳಿಡುವ ಕೋತಿಗಳಿವೆ. ವೈರಸ್ ಕೋತಿಗಳ ಮತ್ತು ಕಾಡಿನ ಸೊಳ್ಳೆಗಳ ನಡುವೆ ಸುತ್ತುತ್ತಿರುತ್ತದೆ. 2008-09ರಲ್ಲಿ ಆ ಕೋತಿಗಳು ಸಾಲಾಗಿ ಸತ್ತಾಗ ಕಾಡಿನಲ್ಲಿ ವೈರಸ್ ಇನ್ನೂ ಇದೆ ಅನ್ನುವುದು ಗೊತ್ತಾಯಿತು. ನಮ್ಮ ಮಲೆನಾಡಿನಲ್ಲಿ ಮಂಗ ಸತ್ತರೆ ಕ್ಯಾಸನೂರು ಕಾಡಿನ ಕಾಯಿಲೆ ಬಂತು ಅಂತ ಎಚ್ಚರವಾಗುತ್ತೇವಲ್ವಾ, ಹಾಗೆಯೇ. ಪಕ್ಕದ ಟೊಬ್ಯಾಗೊ ಅದೇ ದೇಶದ್ದಾದರೂ ಅಪಾಯದ ಪಟ್ಟಿಯಲ್ಲಿ ಇಲ್ಲ.

ಕಾಡಿಗೆ ಹೋಗದೆ ಪಟ್ಟಣಗಳಲ್ಲೇ ಇದ್ದು ಬರುವವರಿಗೆ ಈ ಲಸಿಕೆ ಬೇಕೇ ಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರೂ ಹೇಳುವುದಿಲ್ಲ. ಚಗುವಾನಾಸ್‌ನಲ್ಲಿ ಮಗನ ಮನೆಯಲ್ಲಿರುವ ನಿಮಗೆ ಹಳದಿ ಜ್ವರ ಬರುವ ಸಾಧ್ಯತೆ ತೀರಾ ಕಡಿಮೆ. ಭಾರತದ ನಿಯಮ ಮಾತ್ರ ನೀವು ಪಟ್ಟಣದಲ್ಲಿದ್ದಿರೋ ಕಾಡಿನಲ್ಲಿದ್ದಿರೋ ಅಂತ ಕೇಳುವುದಿಲ್ಲ. ಟ್ರಿನಿಡಾಡ್ ಬಿಟ್ಟು 6 ದಿನದೊಳಗೆ ಇಲ್ಲಿ ಇಳಿದರೆ ಹಳದಿ ಕಾರ್ಡ್, ಅಂದರೆ ಈ ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ, ತೋರಿಸಬೇಕು. ಇಲ್ಲದಿದ್ದರೆ ಆ 6 ದಿನ ಮುಗಿಯುವವರೆಗೆ ಕ್ವಾರಂಟೈನ್. ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು, ಆ ಲೆಕ್ಕದಿಂದ ಬಂದ ಅಂಕಿ ಅದು.

ಈಗ ನಿಮ್ಮ ದೇಹದ ವಿಚಾರ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ, ಬಲಗುಂದಿಸಿದ್ದು. ಆರೋಗ್ಯವಂತರ ದೇಹ ಅದನ್ನು ಸುಲಭವಾಗಿ ಹದ್ದುಬಸ್ತಿಗೆ ತರುತ್ತದೆ. ಮೆಥೊಟ್ರೆಕ್ಸೇಟ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. ಲಸಿಕೆಯ ವೈರಸ್ಸೇ ದೇಹದಲ್ಲಿ ಬೆಳೆದು ಕಾಯಿಲೆ ಆಗುವ ಭಯ ಇರುತ್ತದೆ. ಹಾಗಾಗಿ ನಾನೂ ನಿಮಗೆ ಈ ಲಸಿಕೆ ಹಾಕುವುದಿಲ್ಲ. ಕೆಲವರು ಎರಡು ವಾರ ಮಾತ್ರೆ ನಿಲ್ಲಿಸಿ, ಲಸಿಕೆ ಕೇಂದ್ರದಲ್ಲಿ ವಿಷಯ ಮುಚ್ಚಿಟ್ಟು ಹಾಕಿಸಿಕೊಂಡು ಬಿಡುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಎರಡು ವಾರದಲ್ಲಿ ಔಷಧಿಯ ಪರಿಣಾಮ ಹೋಗುವುದಿಲ್ಲ. ನಿಲ್ಲಿಸಿದ್ದಕ್ಕೆ ಕೀಲುನೋವು ಕೆರಳಿದರೆ ಅಷ್ಟು ದೂರದ ವಿಮಾನ ಪ್ರಯಾಣದಲ್ಲಿ ನೀವು ಪಡುವ ಪಾಡು ಬೇರೆ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಏನು? ನಿಮ್ಮ ಪತ್ರದಲ್ಲಿಯೇ ಉತ್ತರ ಇದೆ: ಲಂಡನ್ನಿನ ತಮ್ಮನ ಮನೆ. ಬರುವಾಗ ಅಲ್ಲಿ ಏಳೆಂಟು ದಿನ ಉಳಿದು ಬನ್ನಿ. ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಟ್ರಿನಿಡಾಡ್ ಬಿಟ್ಟು 6 ದಿನ ದಾಟಿರುತ್ತದೆ, ಕಾರ್ಡಿನ ಪ್ರಶ್ನೆ ಬರುವುದಿಲ್ಲ. ಟ್ರಿನಿಡಾಡ್ ಬಿಟ್ಟ ದಿನಾಂಕ ಕಾಣುವ ಬೋರ್ಡಿಂಗ್ ಪಾಸನ್ನು ಎಸೆಯದೆ ಇಟ್ಟುಕೊಳ್ಳಿ, ಕೇಳಿದರೆ ತೋರಿಸಬಹುದು. ಇದಕ್ಕೆ ಬ್ರಿಟನ್ನಿನ ವಿಸಿಟರ್ ವೀಸಾ ಬೇಕು, ಬರೀ ಟ್ರಾನ್ಸಿಟ್ ವೀಸಾ ಸಾಲದು. ಖರ್ಚಿದೆ, ಕಾಗದಪತ್ರದ ಓಡಾಟ ಇದೆ. ಆದರೂ ನಿಮ್ಮ ಸ್ಥಿತಿಯಲ್ಲಿ ನಾನು ಆರಿಸುವುದು ಇದನ್ನೇ.

ಎರಡನೆಯದು ವಿನಾಯಿತಿ ಪತ್ರ. ನಿಮ್ಮ ಡಾಕ್ಟರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಸಾಕಾಗುವುದಿಲ್ಲ. ಅದನ್ನು ಹಿಡಿದುಕೊಂಡು ಸರ್ಕಾರ ಮಾನ್ಯ ಮಾಡಿದ ಹಳದಿ ಜ್ವರ ಲಸಿಕೆ ಕೇಂದ್ರಕ್ಕೆ ಹೋಗಬೇಕು. ಹಳದಿ ಕಾರ್ಡಿನಲ್ಲಿ ‘ವೈದ್ಯಕೀಯ ಕಾರಣದಿಂದ ಲಸಿಕೆ ಕೊಡುವಂತಿಲ್ಲ’ ಅನ್ನುವುದಕ್ಕೆ ಪ್ರತ್ಯೇಕ ಪುಟ ಇದೆ. ಅಲ್ಲಿ ಸಹಿ, ಮೊಹರು ಬೀಳಬೇಕು. ಇಷ್ಟಾದರೂ ಕೊನೆಯ ಮಾತು ನಮ್ಮ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯದ್ದು. ಅವರು ಒಪ್ಪಿ ಮನೆಗೆ ಕಳಿಸಬಹುದು, ಉಳಿದ ದಿನಗಳಷ್ಟು ನಿಗಾದಲ್ಲಿ ಇರಿಸಲೂಬಹುದು. ಈ ದಾರಿ ಹಿಡಿದರೆ ಬಂದಿಳಿದ ಮೇಲಿನ ಒಂದು ವಾರ ಯಾವ ಮದುವೆ, ಮುಂಜಿಯೂ ಇಟ್ಟುಕೊಳ್ಳಬೇಡಿ. ಕೈಚೀಲದಲ್ಲಿ ಆ ವಾರಕ್ಕಾಗುವಷ್ಟು ಔಷಧಿ ಇರಲಿ. ಲಂಡನ್ನಿನಲ್ಲಿ ಉಳಿಯುವ ಯೋಚನೆ ಇದ್ದರೂ ಈ ಪತ್ರವನ್ನು ಮಾಡಿಸಿಟ್ಟುಕೊಳ್ಳಿ. ಪ್ಲಾನು ಕೆಟ್ಟು ನೇರವಾಗಿ ಬರಬೇಕಾದರೆ ಬೇಕಾಗುತ್ತದೆ.

ಯಜಮಾನರ ವಿಷಯ ಬೇರೆ. ಸಕ್ಕರೆ ಕಾಯಿಲೆ ಈ ಲಸಿಕೆಗೆ ಅಡ್ಡಿ ಅಲ್ಲ. ವಯಸ್ಸು ಸ್ವಲ್ಪ ಅಡ್ಡಿ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮ ಚಿಕ್ಕವರಿಗಿಂತ ಜಾಸ್ತಿ. ಜಾಸ್ತಿ ಅಂದರೂ ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು. ಅವರಿಗೆ ಮೊಟ್ಟೆಯ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ತೊಂದರೆ, ಸ್ಟೀರಾಯ್ಡ್ ಮಾತ್ರೆ ಇವೆಲ್ಲ ಇವೆಯಾ ಅಂತ ಕೇಳಿ ನೋಡಬೇಕು. ಅವರೂ ನಿಮ್ಮ ಜೊತೆ ಲಂಡನ್ನಿನಲ್ಲಿ ಉಳಿದು, ಟ್ರಿನಿಡಾಡ್‌ನಲ್ಲಿ ಕಾಡಿನ ಕಡೆ ತಲೆ ಹಾಕದಿದ್ದರೆ ನಾನು ಲಸಿಕೆ ಬೇಡ ಅನ್ನುತ್ತೇನೆ. ಅವರೊಬ್ಬರೇ ನೇರವಾಗಿ ವಾಪಸಾಗುವುದಿದ್ದರೆ, ಇಲ್ಲವೇ ಮಗನ ಜೊತೆ ಬೆಟ್ಟಕಾಡು ಸುತ್ತುವ ಆಸೆ ಇದ್ದರೆ, ಪರೀಕ್ಷಿಸಿ ಹಾಕುತ್ತೇನೆ. ಹಾಕಿಸಿಕೊಂಡು 10 ದಿನವಾದ ಮೇಲೆ ಕಾರ್ಡಿಗೆ ಬೆಲೆ, ಆಮೇಲೆ ಜೀವನಪೂರ್ತಿ ಸಾಕು. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು ಅನ್ನುವ ನಿಯಮ 2016ರಲ್ಲಿ ಹೋಯಿತು. ಸಿಕ್ಕಸಿಕ್ಕ ಕ್ಲಿನಿಕ್ಕಿನ ಕಾರ್ಡು ನಡೆಯುವುದಿಲ್ಲ, ಮಾನ್ಯತೆ ಇರುವ ಕೇಂದ್ರದ್ದೇ ಆಗಬೇಕು. ದೇಶಗಳ ಪಟ್ಟಿ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಮಲೇರಿಯಾ ಮಾತ್ರೆಯ ಸಲಹೆ ಪೂರ್ತಿ ತಪ್ಪು. ಟ್ರಿನಿಡಾಡ್‌ನಲ್ಲಿ ಮಲೇರಿಯಾ ಹೋಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 1965ರಲ್ಲೇ ಪ್ರಮಾಣಪತ್ರ ಕೊಟ್ಟಿದೆ. ಸುಮ್ನೆ ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಳ್ಳಬೇಡಿ.

ನಾನು ನಿಜವಾಗಿ ಹೆದರುವುದು ಡೆಂಗಿಗೆ. 2024ರಲ್ಲಿ ಅಮೆರಿಕ ಖಂಡಗಳಲ್ಲಿ ಒಂದು ಕೋಟಿಗೂ ಹೆಚ್ಚು ಡೆಂಗಿ ಪ್ರಕರಣ ವರದಿಯಾದವು. ನೀವು ಹೋಗುವ ಜನವರಿಯಿಂದ ಅಲ್ಲಿ ಒಣ ಕಾಲ, ಮಳೆಗಾಲಕ್ಕಿಂತ ಸೊಳ್ಳೆ ಕಡಿಮೆ. ಆದರೆ ಒಣ ಕಾಲದಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವುದುಂಟು, ಮನೆಮನೆಯಲ್ಲೂ ಟ್ಯಾಂಕು, ಡ್ರಮ್ಮು. ತುಮಕೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹೋದ ಮೊದಲ ದಿನವೇ ಮಗನ ಮನೆ ಸುತ್ತ ಒಂದು ಸುತ್ತು ಹಾಕಿ, ಡ್ರಮ್ಮಿಗೆ ಮುಚ್ಚಳ ಇದೆಯಾ ನೋಡಿ. ಈ ಸೊಳ್ಳೆ ಹಗಲು ಕಚ್ಚುವುದು. ರಾತ್ರಿ ಪರದೆ ಕಟ್ಟಿಕೊಂಡು ಬೆಳಿಗ್ಗೆ ವರಾಂಡದಲ್ಲಿ ಬರಿಗಾಲಲ್ಲಿ ಕೂತು ಕಾಫಿ ಕುಡಿದರೆ ಏನು ಉಪಯೋಗ? ನಮ್ಮಲ್ಲಿ ಸಿಗುವ ಓಡೋಮಸ್‌ನಲ್ಲಿ ಇರುವುದು ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಅಲ್ಲ, ಶೇಕಡ 12ರಷ್ಟು ಡೈಈಥೈಲ್ ಬೆಂಜಮೈಡ್ ಅನ್ನುವ ಬೇರೊಂದು. ಅದೂ ಕೆಲಸ ಮಾಡುತ್ತದೆ, ಆದರೆ ಬೇಗ ಬೇಗ ಹಚ್ಚಿಕೊಳ್ಳಬೇಕು. ಶೇಕಡ 20ರಿಂದ 30 ಡೀಟ್ ಇರುವುದು ಅಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಇದು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಹಾಗಾಗಿ ನಿಮಗೆ ಎರಡೂ ಬೇಕು.

ನಿಮಗೆ ಅಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಿ. ಕೀಲುನೋವಿಗೆ ಅಂತ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಬೇರೆ ನೋವಿನ ಮಾತ್ರೆಗಳನ್ನು ಮುಟ್ಟಬೇಡಿ. ಡೆಂಗಿ ಇದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಆ ವಾರದ ಮೆಥೊಟ್ರೆಕ್ಸೇಟ್ ನುಂಗುವ ಮುಂಚೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಡೆಂಗಿಯೂ ರಕ್ತಕಣ ಇಳಿಸುತ್ತದೆ, ಈ ಮಾತ್ರೆಯೂ ಇಳಿಸುತ್ತದೆ. ಯಜಮಾನರು ಹೃದಯಕ್ಕೆ ಅಂತ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದು ಅವರಿಗೆ ಜ್ವರ ಬಂದರೆ, ತಾವಾಗಿಯೇ ನಿಲ್ಲಿಸುವುದೂ ತಪ್ಪು, ಯಾರನ್ನೂ ಕೇಳದೆ ಮುಂದುವರಿಸುವುದೂ ತಪ್ಪು. ಡೆಂಗಿಯಲ್ಲಿ ಜ್ವರ ಇಳಿಯುವ ನಾಲ್ಕೈದನೇ ದಿನವೇ ಗಂಡಾಂತರದ ದಿನ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತೂಕಡಿಕೆ ಕಂಡರೆ ಆಸ್ಪತ್ರೆ.

ಅದೇ ಸೊಳ್ಳೆ ಚಿಕೂನ್‌ಗುನ್ಯಾವನ್ನೂ ಹರಡುತ್ತದೆ. 2006ರಲ್ಲಿ ನಮ್ಮ ಹಳ್ಳಿಗಳಲ್ಲಿ ಜನ ಗೋಡೆ ಹಿಡಿದು ನಡೆದದ್ದು ನಿಮಗೆ ನೆನಪಿರಬೇಕು. ಕೆರಿಬಿಯನ್‌ಗೆ ಅದು 2013ರ ಡಿಸೆಂಬರ್‌ನಲ್ಲಿ ಕಾಲಿಟ್ಟಿತು. ನಿಮಗೆ ಅಲ್ಲಿ ಜ್ವರದ ಜೊತೆ ಕೀಲು ಹಿಡಿದುಕೊಂಡರೆ ಸಂಧಿವಾತ ಕೆರಳಿದೆ ಅಂತ ನೀವೇ ತೀರ್ಮಾನಿಸಿ ಸ್ಟೀರಾಯ್ಡ್ ಶುರು ಮಾಡಬೇಡಿ. ಮೊದಲು ರಕ್ತಪರೀಕ್ಷೆ.

ಇನ್ನು ಇನ್ಸುಲಿನ್. ಇದನ್ನು ನಿಧಾನವಾಗಿ ಓದಿ, ಯಜಮಾನರಿಗೂ ಓದಿ ಹೇಳಿ. ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಹೊರದೇಶಗಳಲ್ಲಿ ಸಿಗುವುದು 100 ಯೂನಿಟ್ಟಿನದು, ಅದರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ನನ್ನ ಹತ್ತಿರ ಬರುತ್ತಿದ್ದ ಹಿರಿಯರೊಬ್ಬರು ಮಗಳ ಮನೆಗೆ ಹೋದಾಗ ಇನ್ಸುಲಿನ್ ಮುಗಿದು ಅಲ್ಲಿನದನ್ನು ಕೊಂಡರು, ಸಿರಿಂಜು ಮಾತ್ರ ಊರಿಂದ ಒಯ್ದದ್ದನ್ನೇ ಬಳಸಿದರು. 20ರ ಗೆರೆಯವರೆಗೆ ಎಳೆದರು. ಒಳಗೆ ಹೋದದ್ದು 50 ಯೂನಿಟ್. ಮಗಳು ಸರಿಯಾದ ಹೊತ್ತಿಗೆ ನೋಡಿದ್ದರಿಂದ ಬದುಕಿದರು. ಆಮೇಲೆ ನಾನು ಹೊರದೇಶಕ್ಕೆ ಹೋಗುವ ಯಾರನ್ನೂ ಈ ಮಾತು ಹೇಳದೆ ಕಳಿಸಿಲ್ಲ. ಎರಡೂವರೆ ತಿಂಗಳಿಗಾಗುವಷ್ಟು ಇನ್ಸುಲಿನ್, ಅದರದೇ ಸಿರಿಂಜು, ಇಲ್ಲಿಂದಲೇ ಒಯ್ಯಿರಿ. ಪೆನ್ನಿಗೆ ಬದಲಾಗಬಹುದಾ ಅಂತ ಡಾಕ್ಟರನ್ನು ಕೇಳಿ. ಪೆನ್ನಿನ ಕಾರ್ಟ್ರಿಜ್ ನಮ್ಮಲ್ಲೂ 100 ಯೂನಿಟ್ಟಿನದೇ. ಆದರೆ ಆ ಬದಲಾವಣೆ ಹೊರಡುವ ಒಂದು ತಿಂಗಳ ಮುಂಚೆಯೇ ಆಗಲಿ, ಏರ್‌ಪೋರ್ಟಿನಲ್ಲಿ ಕಲಿಯುವುದು ಬೇಡ.

ಇನ್ಸುಲಿನ್ ಎಂದೂ ಚೆಕ್-ಇನ್ ಲಗೇಜಿಗೆ ಹಾಕಬೇಡಿ, ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಅದರ ಜೊತೆ ಡಾಕ್ಟರ ಚೀಟಿ ಕೈಚೀಲದಲ್ಲಿರಲಿ. ಟ್ರಿನಿಡಾಡ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಂದರೆ ಹೋಗುವ ದಿನ ಮೂವತ್ತಮೂರೂವರೆ ಗಂಟೆಯ ದಿನ. ಯಾವ ಹೊತ್ತಿಗೆ ಎಷ್ಟು ಯೂನಿಟ್ ಅಂತ ಗಂಟೆ ಸಮೇತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ವಿಮಾನದಲ್ಲಿ ಊಟದ ತಟ್ಟೆ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಲಿ, ಮುಂಚೆ ಬೇಡ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಗಂಟೆಗೊಮ್ಮೆ ಎದ್ದು ಓಡಾಡಲಿ. ಸಮುದ್ರದ ದಡದಲ್ಲಿ ಬರಿಗಾಲು ಬೇಡವೇ ಬೇಡ. ಕಾಲಿನ ಸ್ಪರ್ಶ ಮಂಕಾದವರಿಗೆ ಬಿಸಿ ಮರಳಿನಲ್ಲಿ ಸುಟ್ಟದ್ದು ಗೊತ್ತಾಗುವುದು ಗುಳ್ಳೆ ಎದ್ದ ಮೇಲೆ. ನಿಮ್ಮ ಮಾತ್ರೆಯ ಬಗ್ಗೆಯೂ ಒಂದು ಮಾತು: ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ. ಹೊತ್ತು ಗೊತ್ತಾಗದ ಗೊಂದಲದಲ್ಲಿ ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ಆ ಮಾತ್ರೆಯನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ವಾರದ ಹೆಸರು ಬರೆಯಿರಿ.

ಊಟಕ್ಕೆ ನಿಮಗೆ ಕಷ್ಟವಾಗುವುದಿಲ್ಲ. 1845ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಒಪ್ಪಂದದ ಮೇಲೆ ಹೋದ ನಮ್ಮ ದೇಶದವರ ಮಕ್ಕಳು, ಮರಿಮಕ್ಕಳು ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬೀದಿಬೀದಿಯಲ್ಲಿ ಡಬಲ್ಸ್ ಸಿಗುತ್ತದೆ: ಅರಿಶಿನ ಹಾಕಿ ಕರಿದ ಎರಡು ಮೆತ್ತನೆ ಬಾರಾ, ನಡುವೆ ಕಡಲೆಕಾಳಿನ ಗಸಿ. ಬಿಸಿಬಿಸಿಯಾಗಿ ತಿನ್ನಿ. ಹೊರಗೆ ತೆರೆದಿಟ್ಟ ಸೌತೆಕಾಯಿ ಚಟ್ನಿ ನಿಮಗೆ ಬೇಡ, ನಿಮ್ಮ ಔಷಧಿ ಹೊಟ್ಟೆಯ ಸೋಂಕನ್ನು ಜೋರು ಮಾಡುತ್ತದೆ. ಯಜಮಾನರಿಗೆ ಮೈದಾದ್ದು, ಕರಿದದ್ದು ಅನ್ನುವ ನೆನಪಿರಲಿ. ನೀರು ಕಾಯಿಸಿ ಆರಿಸಿ ಕುಡಿಯಿರಿ.

ಕಡಲಿನ ಬಗ್ಗೆ ಎರಡು ಮಾತು. ಎಲ್ಲರೂ ಕರೆದುಕೊಂಡು ಹೋಗುವ ಮರಾಕಸ್ ಬೀಚಿನಲ್ಲಿ ಒಳಕ್ಕೆ ಎಳೆಯುವ ಸೆಳೆತ ಇದೆ. ಕೆಂಪು ಬಾವುಟ ಇದ್ದ ಕಡೆ ಮೊಣಕಾಲುದ್ದವೂ ಇಳಿಯಬೇಡಿ, ಮೊಮ್ಮಗನ ಕೈ ಬಿಡಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಾಡಿ ಸುಸ್ತಾಗದೆ ದಡಕ್ಕೆ ಸಮಾನಾಂತರವಾಗಿ ಈಜಬೇಕು ಅಂತ ಮಗ-ಸೊಸೆಗೂ ಹೇಳಿ. ಇನ್ನೊಂದು, ಮ್ಯಾಂಚನೀಲ್ ಅನ್ನುವ ಮರ. ಬೀಚಿನ ಅಂಚಿನಲ್ಲೇ ಬೆಳೆಯುತ್ತದೆ, ಪುಟ್ಟ ಹಸಿರು ಸೇಬಿನಂಥ ಕಾಯಿ, ಘಮ ಕೂಡ ಚೆನ್ನಾಗಿರುತ್ತದೆ. ಅದರ ಹಾಲು ತಗುಲಿದರೆ ಬೊಬ್ಬೆ ಏಳುತ್ತದೆ. ಮಳೆ ಬಂತು ಅಂತ ಅದರ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿಗೂ ಮೈ ಸುಡುತ್ತದೆ. ಮೊಮ್ಮಗ ಕೆಳಗೆ ಬಿದ್ದ ಕಾಯಿ ಎತ್ತಿಕೊಳ್ಳದ ಹಾಗೆ ನೋಡಿಕೊಳ್ಳಿ. ಟ್ರಿನಿಡಾಡ್‌ನಲ್ಲಿ ರಕ್ತ ಹೀರುವ ಬಾವಲಿಗಳೂ ಇವೆ. ಅವುಗಳಿಂದ ಜನಕ್ಕೆ ರೇಬಿಸ್ ಬರುತ್ತದೆ ಅಂತ 1930ರ ದಶಕದಲ್ಲಿ ತೋರಿಸಿದವರು ಅಲ್ಲಿನ ವೈದ್ಯ ಜೋಸೆಫ್ ಲೆನಾಕ್ಸ್ ಪವಾನ್. ಮನೆಯಲ್ಲಿದ್ದರೆ ಚಿಂತೆ ಇಲ್ಲ, ಬಾವಲಿ ಗೀರಿದರೂ ಅದೇ ದಿನ ಚುಚ್ಚುಮದ್ದು ಶುರು ಮಾಡಿ.

ದರೋಡೆಯ ಭಯ ಸುಳ್ಳಲ್ಲ. ಸುಮಾರು 14 ಲಕ್ಷ ಜನರ ಆ ಪುಟ್ಟ ದೇಶದಲ್ಲಿ 2024ರಲ್ಲಿ 600ಕ್ಕೂ ಹೆಚ್ಚು ಕೊಲೆಯಾದವು. ಆ ಡಿಸೆಂಬರ್ 30ರಂದು ತುರ್ತು ಪರಿಸ್ಥಿತಿ ಹೇರಿದರು, 2025ರ ಜುಲೈನಲ್ಲಿ ಮತ್ತೊಮ್ಮೆ. ಹೆಚ್ಚಿನದು ಗ್ಯಾಂಗುಗಳ ನಡುವಿನ ಹೊಡೆದಾಟ, ಪೋರ್ಟ್ ಆಫ್ ಸ್ಪೇನ್‌ನ ಲಾವೆಂಟಿಲ್, ಸೀ ಲಾಟ್ಸ್ ಕಡೆ. ಅಲ್ಲಿಗೆ ನಿಮಗೆ ಕೆಲಸವಿಲ್ಲ. ಆದರೆ ಪಿಯಾರ್ಕೊ ಏರ್‌ಪೋರ್ಟಿನಿಂದ ಹಿಂಬಾಲಿಸಿ ದೋಚಿದ ಪ್ರಕರಣಗಳಿವೆ. ಹಗಲು ಇಳಿಯುವ ವಿಮಾನ ನೋಡಿ, ಮಗನೇ ಬಂದು ಕರೆದುಕೊಂಡು ಹೋಗಲಿ. ಚಿನ್ನದ ಬಳೆ, ದಪ್ಪ ಸರ ಇಲ್ಲೇ ಲಾಕರಿನಲ್ಲಿರಲಿ. ಮಾಂಗಲ್ಯವನ್ನು ಕರಿಮಣಿ ದಾರದಲ್ಲಿ ಪೋಣಿಸಿಕೊಂಡು ಹೋದವರು ನಿಶ್ಚಿಂತೆಯಾಗಿದ್ದರು. ಟ್ಯಾಕ್ಸಿ ಹತ್ತಿದರೆ ನಂಬರ್ ಪ್ಲೇಟು ‘ಎಚ್’ ಅಕ್ಷರದಿಂದ ಶುರುವಾಗಿರಬೇಕು, ‘ಪಿ’ ಇದ್ದರೆ ಅದು ಖಾಸಗಿ ಕಾರು, ಹತ್ತಬೇಡಿ. ಸೇನೆಯ ಸಮವಸ್ತ್ರದಂತೆ ಕಾಣುವ ಬಟ್ಟೆ ಅಲ್ಲಿ ಕಾನೂನುಬಾಹಿರ, ಮೊಮ್ಮಗನಿಗೆ ಅಂಥ ಚಡ್ಡಿ ಉಡುಗೊರೆ ಒಯ್ಯಬೇಡಿ. ಪೊಲೀಸಿಗೆ 999, ಆಂಬುಲೆನ್ಸಿಗೆ 811. ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮ ದೇಶದ ಹೈಕಮಿಷನ್ ಇದೆ, ಹೊರಡುವ ವಾರ ಅವರ ಸೂಚನೆಗಳನ್ನು ಮಗ ಒಮ್ಮೆ ನೋಡಲಿ.

ವಿಮೆ ಮಾಡಿಸುವಾಗ ಸಂಧಿವಾತ, ಸಕ್ಕರೆ ಕಾಯಿಲೆ ಎರಡನ್ನೂ ಬರೆಸಿ. ಪ್ರೀಮಿಯಂ ಏರುತ್ತದೆ ಅಂತ ಮುಚ್ಚಿಟ್ಟರೆ ಬೇಕಾದಾಗ ಹಣ ಬರುವುದಿಲ್ಲ. ಬೇರೆ ದೇಶಕ್ಕೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಲಿ. ಫ್ಲೂ, ನ್ಯುಮೋನಿಯಾ, ಟೈಫಾಯ್ಡ್‌ನ ಚುಚ್ಚುಮದ್ದುಗಳಲ್ಲಿ ಜೀವಂತ ವೈರಸ್ ಇಲ್ಲ, ನಿಮಗೂ ಕೊಡಬಹುದು.

ಮೊದಲು ನಿಮ್ಮ ಸಂಧಿವಾತದ ಡಾಕ್ಟರಿಂದ ಪತ್ರ, ಆಮೇಲೆ ಲಸಿಕೆ ಕೇಂದ್ರ, ಆಮೇಲೆ ಬ್ರಿಟನ್ ವೀಸಾ, ಅದು ಕೈಗೆ ಬಂದ ಮೇಲೆ ಟಿಕೆಟ್. ವಾಪಸ್ ಬಂದ ಎರಡು ವಾರದೊಳಗೆ ಇಬ್ಬರಲ್ಲಿ ಯಾರಿಗೆ ಜ್ವರ ಬಂದರೂ, ನೋಡುವ ಡಾಕ್ಟರಿಗೆ ಟ್ರಿನಿಡಾಡ್‌ಗೆ ಹೋಗಿದ್ದೆವು ಅನ್ನುವುದನ್ನು ಮೊದಲ ಮಾತಿನಲ್ಲೇ ಹೇಳಿ.